ಕಲ್ಲಿನ ಉಸಿರು ಅಳೆಯುವ ಅತ್ತಿಗೆ

ಅತ್ತಿಗೆಯ ಕೈಯಲ್ಲಿದ್ದ ಮೀಟರು ಇದ್ದಕ್ಕಿದ್ದಂತೆ ಕಿರುಚಿಕೊಂಡಾಗ, ಕಲ್ಲು ಕ್ವಾರಿಯಲ್ಲಿದ್ದ ಅಷ್ಟೂ ಜನರಲ್ಲಿ ಮೊದಲು ಓಟ ಕಿತ್ತವನು ನಾನು. ಕಲ್ಲು ಒಡೆಯುವವರು ಸುತ್ತಿಗೆ ಕೆಳಗಿಟ್ಟು ಏನಾಯಿತೆಂದು ತಲೆಯೆತ್ತುವಷ್ಟರಲ್ಲಿ ನಾನು ಜಲ್ಲಿಯ ಗುಡ್ಡೆಯ ಆಚೆ ಇದ್ದೆ. ನನ್ನ ಒಂದು ಚಪ್ಪಲಿ ಈಚೆ ಇತ್ತು. ನಾನು ಓಡಿದ ಕೂಡಲೆ ಕಿರುಚಾಟ ನಿಂತಿತು. ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಟ್ಟು ಚಪ್ಪಲಿಗಾಗಿ ಹಿಂತಿರುಗಿದೆ. ಮತ್ತೆ ಕಿರುಚಿತು. ಮತ್ತೆ ಓಡಿದೆ. ಮತ್ತೆ ನಿಂತಿತು.

“ಅಲ್ಲೇ ನಿಲ್ಲು,” ಎಂದರು ಅತ್ತಿಗೆ. “ಈಗ ನಿಧಾನಕ್ಕೆ ಈ ಕಡೆ ಬಾ. ಹೂಂ. ಹಿಂದೆ ಹೋಗು. ಇನ್ನೊಂದು ಸಲ ಬಾ.”

ಕೆಲಸದವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು. ನಾನು ಮುಂದೆ ಬಂದಾಗ ಮೀಟರು ಕೂಗುವುದು, ಹಿಂದೆ ಹೋದಾಗ ಸುಮ್ಮನಾಗುವುದು.

“ನಿನ್ನೆ ಆಸ್ಪತ್ರೆಗೆ ಹೋಗಿದ್ದೆ ಅಂದ್ಯಲ್ಲ, ಏನು ಮಾಡಿದ್ರು?”

“ಹೃದಯದ ಸ್ಕ್ಯಾನ್ ಮಾಡಿದ್ರು ಅತ್ತಿಗೆ. ಅದಕ್ಕೆ ಮುಂಚೆ ಕೈಗೆ ಏನೋ ಒಂದು ಇಂಜೆಕ್ಷನ್ ಕೊಟ್ರು.”

“ಅದೇ ಕೂಗ್ತಿರೋದು. ಅದರಲ್ಲಿ ವಿಕಿರಣದ ಔಷಧಿ ಇರುತ್ತೆ. ನೀರು ಚೆನ್ನಾಗಿ ಕುಡಿ, ನಾಳೆ ನಾಡಿದ್ದರಲ್ಲಿ ಹೋಗುತ್ತೆ. ಇವತ್ತು ಆ ದೂರದ ಬಂಡೆ ಮೇಲೆ ಕೂತ್ಕೋ. ನನ್ನ ಮೀಟರ್ ಹತ್ತಿರಾನೂ ಬರಬೇಡ, ಮಕ್ಕಳ ಹತ್ತಿರಾನೂ ಹೋಗಬೇಡ.”

ಕ್ವಾರಿಯ ಮೇಸ್ತ್ರಿ, ಮೀಸೆಯ ತುಂಬ ಕಲ್ಲಿನ ಪುಡಿ ಮೆತ್ತಿಕೊಂಡಿದ್ದ ಭಾರಿ ಆಸಾಮಿ, ಮುಂದೆ ಬಂದ. “ಅಮ್ಮಾ, ಹಾಗಾದ್ರೆ ನಮ್ಮ ಕಲ್ಲಿನದಲ್ವಾ ಈ ಸದ್ದು? ಎಲ್ಲಾ ಈ ಅಣ್ಣಂದೇನಾ?”

“ನಿಮ್ಮ ಕಲ್ಲಿಗಿಂತ ಸದ್ಯಕ್ಕೆ ಇವನೇ ಜಾಸ್ತಿ.”

ಇಷ್ಟು ವರ್ಷ ಪತ್ರಿಕೆಗಳಿಗೆ ಬರೆದಿದ್ದೇನೆ. ನನ್ನಿಂದ ಏನಾದರೂ ಹೊರಹೊಮ್ಮುತ್ತಿದೆ ಎಂದು ಒಬ್ಬ ಓದುಗನೂ ಹೇಳಿರಲಿಲ್ಲ. ಅವತ್ತಿನಿಂದ ಆ ಕ್ವಾರಿಯಲ್ಲಿ ನನಗೆ ‘ಅಲಾರಂ ಅಣ್ಣ’ ಎಂದು ಹೆಸರಾಯಿತು.

ನಾನು ಅಲ್ಲಿಗೆ ಹೋಗಿದ್ದಕ್ಕೆ ಕಾರಣ ನಮ್ಮಣ್ಣ. ಎದೆ ಹಿಡಿದ ಹಾಗಾಗುತ್ತದೆ ಎಂದು ಡಾಕ್ಟರ ಹತ್ತಿರ ಹೋದರೆ, ಅವರು ದಿನಾ ನಡೆಯಿರಿ, ಗಾಳಿ ಬೆಳಕಿನಲ್ಲಿರಿ ಎಂದಿದ್ದರು. ಅಣ್ಣ ಪತ್ರಿಕೆಯ ಹಿಂದಿನಿಂದಲೇ, “ನಿಮ್ಮತ್ತಿಗೆ ಜೊತೆ ಹೋಗು, ಅವಳ ಕೆಲಸವೇ ಅಲೆದಾಟ,” ಎಂದು ಅಪ್ಪಣೆ ಕೊಡಿಸಿದ. ಗಾಳಿಗೆಂದು ಮನುಷ್ಯನನ್ನು ಕ್ರಷರಿನ ಪಕ್ಕಕ್ಕೆ ಕಳಿಸಿದ ಅಣ್ಣ ಜಗತ್ತಿನಲ್ಲಿ ಅವನೊಬ್ಬನೇ ಇರಬೇಕು.

ಆ ದಿನ ದೂರದ ಬಂಡೆಯ ಮೇಲೆ ಕೂತು, ಬಾಟಲಿಯ ನೀರು ಗುಟುಕರಿಸುತ್ತ, ನಾನು ಅತ್ತಿಗೆಯನ್ನು ಮೊದಲ ಸಲ ನೋಡಿದೆ. ಅವರು ನಮ್ಮ ಮನೆಗೆ ಬಂದಾಗ ನಾನಿನ್ನೂ ಅಡ್ಡ ಬೈತಲೆ ತೆಗೆಯಲು ಕಲಿಯುತ್ತಿದ್ದೆ. ಅಲ್ಲಿಂದೀಚೆಗೆ ಅವರ ಕೈಯ ಅಡುಗೆ ಉಂಡಿದ್ದೇನೆ, ಬೈಗುಳ ತಿಂದಿದ್ದೇನೆ, ಅವರು ಬೆಳಿಗ್ಗೆ ಬೂಟು ಹಾಕಿಕೊಂಡು ಇಲಾಖೆಯ ಜೀಪು ಹತ್ತುವುದನ್ನು ದಿನವೂ ಕಂಡಿದ್ದೇನೆ. ಹತ್ತಿದ ಮೇಲೆ ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ಕೇಳಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವರು ನಿಲ್ಲುತ್ತಿದ್ದರು. ಅದೇ ಅವರ ಕೆಲಸ. ಕ್ವಾರಿಯ ಅಂಚಿನಲ್ಲಿ ಒಂದು ಜಾಗ ಗುರುತು ಮಾಡಿ, ಮೀಟರನ್ನು ಸೊಂಟದ ಎತ್ತರಕ್ಕೆ ಹಿಡಿದು, ಅಲುಗಾಡದೆ ನಿಲ್ಲುವುದು. ಪರದೆಯ ಮೇಲಿನ ಅಂಕಿ ಮೀನಿನ ಮರಿಯ ಹಾಗೆ ಅತ್ತಿತ್ತ ಓಡಾಡುತ್ತದಂತೆ. ಅದು ಸಾಕಷ್ಟು ಹೊತ್ತು ಓಡಾಡಿದ ಮೇಲೆ ಒಟ್ಟಾರೆ ಎಲ್ಲಿ ಸುಳಿಯುತ್ತಿದೆ ಎಂದು ತಿಳಿಯಬೇಕಂತೆ. ಅಷ್ಟು ಹೊತ್ತು ಅವರು ಉಸಿರಾಡುವುದೂ ಕಾಣುತ್ತಿರಲಿಲ್ಲ. ಹಿಂದೆ ಕಡಿದು ಬಿಟ್ಟ ಬಂಡೆಯ ಗೋಡೆಗಳು, ಹೊಂಡದ ತಳದಲ್ಲಿ ಹಸಿರು ನೀರು, ನೀರಿನಲ್ಲಿ ಒಂದು ಮೋಡ. ಸುತ್ತಿಗೆಯ ಪೆಟ್ಟು ಬಿದ್ದದ್ದು ಮೊದಲು ಕಣ್ಣಿಗೆ ಕಾಣುತ್ತಿತ್ತು, ಆಮೇಲೆ ಕಿವಿಗೆ ಬರುತ್ತಿತ್ತು. ಬಿಳಿ ಧೂಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ಇಳಿಯುತ್ತಿತ್ತು. ಆ ಧೂಳಿನೊಳಗೆ ಅತ್ತಿಗೆ, ಯಾರೋ ಏನೋ ಹೇಳುತ್ತೇನೆಂದು ಮಾತು ಕೊಟ್ಟಿದ್ದಾರೆ, ಅದಕ್ಕೆ ಕಾಯುತ್ತಿದ್ದೇನೆ ಎಂಬಂತೆ ತಲೆ ಸ್ವಲ್ಪ ವಾಲಿಸಿ ನಿಂತಿದ್ದರು. ಕ್ಲಿಕ್. ಕ್ಲಿಕ್ ಕ್ಲಿಕ್. ಮತ್ತೆ ಬಹಳ ಹೊತ್ತು ಏನೂ ಇಲ್ಲ. ಕ್ಲಿಕ್.

ನಾನು ಹಾಗೆಯೇ ಜೋಂಪು ಹತ್ತಿ ಒರಗಿದೆ. ಆರೋಗ್ಯಕ್ಕಾಗಿ ಮಾಡಿದ ನಡಿಗೆ ಅಂದಿಗೆ ಅಷ್ಟೇ.

ಜೀಪಿನಲ್ಲಿ ವಾಪಸು ಬರುವಾಗ, ನನ್ನನ್ನು ಹಿಂದಿನ ಸೀಟಿನ ತುದಿಗೆ ಕೂರಿಸಿ, ಅತ್ತಿಗೆ ವಿವರಿಸಿದರು. ಕಲ್ಲಿನಲ್ಲಿ ವಿಕಿರಣ ಇದ್ದೇ ಇರುತ್ತದೆ. ಮಣ್ಣಿನಲ್ಲೂ ಇದೆ, ಆಕಾಶದಿಂದಲೂ ಬರುತ್ತದೆ, ಇಂಜೆಕ್ಷನ್ ಇಲ್ಲದ ಮನುಷ್ಯನ ಮೈಯಲ್ಲೂ ಒಂದಿಷ್ಟು ಇದೆ. ಎಲ್ಲಿ ಎಷ್ಟಿದೆ ಎಂದು ತಿಳಿದುಕೊಂಡಿದ್ದರೆ, ಮುಂದೆ ಹೆಚ್ಚಾದಾಗ ಹೆಚ್ಚಾಯಿತೆಂದು ಹೇಳಬಹುದು. ಅದಕ್ಕೇ ಅಳೆಯುವುದು.

“ಏನೂ ಇಲ್ಲದ ಜಾಗ ಎಲ್ಲೂ ಇಲ್ವಾ ಅತ್ತಿಗೆ? ಸೊನ್ನೆ?”

“ಒಂದೇ ಸಲ ಬಂದಿತ್ತು.”

“ಎಲ್ಲಿ?”

“ಬ್ಯಾಟರಿ ಹೋಗಿತ್ತು.”

ಅವರ ಮಾತೇ ಹಾಗೆ. “ಏನೂ ಇಲ್ಲ” ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ತಲೆನೋವು ಹೇಗಿದೆ ಎಂದರೆ “ಇದ್ದಷ್ಟೇ ಇದೆ” ಎನ್ನುತ್ತಾರೆ. ಹೊಸ ಬಟ್ಟೆ ಹಾಕಿಕೊಂಡು ಹೇಗೆ ಕಾಣುತ್ತೇನೆ ಎಂದು ನಾನು ಕೇಳಿದರೆ, ಸ್ವಲ್ಪ ಹೊತ್ತು ನೋಡಿ, “ಮೊದಲು ಹೇಗಿದ್ದೆ ಅಂತ ಅಳೆದಿಟ್ಟಿಲ್ಲ,” ಎನ್ನುತ್ತಾರೆ. ಅಣ್ಣ ಇದನ್ನು ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದು ಆಡಿಕೊಳ್ಳುತ್ತಾನೆ. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ.

ಆಸ್ಪತ್ರೆಯ ಔಷಧಿ ಮೈಬಿಟ್ಟ ಮೇಲೆ ನಾನು ವಾರಕ್ಕೊಮ್ಮೆಯಾದರೂ ಅವರ ಜೊತೆ ಹೋಗತೊಡಗಿದೆ. ಆಗ ನನ್ನನ್ನು ಗವಿಯ ಹತ್ತಿರ ಬಿಟ್ಟುಕೊಂಡರು.

ಗವಿ ಎಂದರೆ ಹಿಂದೆ ಯಾವಾಗಲೋ ಚಪ್ಪಡಿ ತೆಗೆದು ಬಿಟ್ಟ ಪೊಳ್ಳು. ಬಂಡೆಯ ಬುಡದಲ್ಲಿ ಒಂದು ಕೋಣೆಯಷ್ಟು ಒಳಕ್ಕೆ ಹೋಗಿತ್ತು. ಹೊರಗೆ ಬಿಸಿಲು ಕಣ್ಣಿಗೆ ಚುಚ್ಚುವಾಗ ಒಳಗೆ ಬಾವಿಯ ತಂಪು. ಕ್ರಷರಿನ ಗಡಗಡ ಅಲ್ಲಿಗೆ ಬರುವಷ್ಟರಲ್ಲಿ ಯಾರೋ ಪಕ್ಕದ ಮನೆಯಲ್ಲಿ ಗೊರಕೆ ಹೊಡೆದಂತಾಗುತ್ತಿತ್ತು. ಕೆಲಸಕ್ಕೆ ಬರುವ ತಾಯಂದಿರು ತಮ್ಮ ಮಕ್ಕಳನ್ನು ಅಲ್ಲಿ ಬಿಡುತ್ತಿದ್ದರು. ನೋಡಿಕೊಳ್ಳಲು ಆಯಮ್ಮ ಇದ್ದರು. ಗಿಡ್ಡ ಹೆಂಗಸು, ದೊಡ್ಡ ದನಿ. ಆದರೆ ಗವಿಯ ಹೊಸ್ತಿಲು ದಾಟಿದೊಡನೆ ಆ ದನಿ ಪಿಸುಮಾತಾಗುತ್ತಿತ್ತು. ಮಧ್ಯಾಹ್ನ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದಾಗ, ಆ ನಸುಗತ್ತಲಿನಲ್ಲಿ ಅಷ್ಟೂ ಉಸಿರು ಒಂದೇ ಉಸಿರಾಗಿ ಕೇಳಿಸುತ್ತಿತ್ತು. ಬಂಡೆಯೇ ಮಲಗಿದೆಯೇನೋ ಎನಿಸುತ್ತಿತ್ತು.

ಅದಕ್ಕೆ ಮುಂಚೆ ಮಕ್ಕಳನ್ನು ಇಟ್ಟಿದ್ದು ಕ್ರಷರಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. “ಏನು ಹೇಳಲಿ ಅಣ್ಣಾ,” ಎನ್ನುತ್ತಿದ್ದರು ಆಯಮ್ಮ, “ಎದ್ದ ಕೂಸಿನ ರೆಪ್ಪೆ ಮೇಲೆ ಹಿಟ್ಟು ಜರಡಿ ಹಿಡಿದ ಹಾಗೆ ಪುಡಿ. ಕೆಮ್ಮು ಅಂದ್ರೆ ಕೆಮ್ಮು. ಈ ಗವಿ ಸಿಕ್ಕಿದ್ದು ನಮ್ಮ ಪುಣ್ಯ. ಮತ್ತೆ ಆ ಶೆಡ್ಡಿಗೆ ಹೋಗು ಅಂದ್ರೆ ನಾನು ಇದರ ಬಾಗಿಲಲ್ಲೇ ಅಡ್ಡ ಮಲಗ್ತೀನಿ.”

ಅತ್ತಿಗೆಗೆ ಚಿಂತೆಯಿದ್ದದ್ದು ಆ ಗವಿಯ ಬಗ್ಗೆಯೇ. ಬಯಲಿನಲ್ಲಿ ನಿಂತವನಿಗೆ ಕಲ್ಲು ಕಾಲ ಕೆಳಗೆ ಮಾತ್ರ. ಗವಿಯಲ್ಲಿ ಸುತ್ತಲೂ ಕಲ್ಲು, ಹಾಗಾಗಿ ಮೀಟರು ಸ್ವಲ್ಪ ಹೆಚ್ಚು ತೋರಿಸುತ್ತಿತ್ತು. ಅದು ಕಲ್ಲಿನ ಮನೆಯಲ್ಲಿ ವಾಸ ಮಾಡಿದ ಹಾಗೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದರು. ಆದರೆ ಕೆಲವು ಕಲ್ಲುಗಳು ರೇಡಾನ್ ಎಂಬ ಗಾಳಿಯನ್ನೂ ಬಿಡುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಗೆ ಬೆರೆತು ಹೋಗುತ್ತದೆ. ಮುಚ್ಚಿದ ಜಾಗದಲ್ಲಿ ಗೂಡು ಕಟ್ಟುತ್ತದೆ. ವರ್ಷಾನುಗಟ್ಟಲೆ ಅದನ್ನೇ ಉಸಿರಾಡಿದರೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

“ಕಲ್ಲಿನ ಉಸಿರು ಅಂದ್ಕೊಳ್ಳಿ,” ಎಂದು ಆಯಮ್ಮನಿಗೆ ಹೇಳಿ, ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ಗವಿಯ ಹಿಂಬದಿಯ ಗೋಡೆಗೆ ನೇತುಹಾಕಿದರು. ಒಳಗೆ ಉಗುರಿನಷ್ಟು ಒಂದು ಫಿಲಂ. ಒಂದು ಋತು ಪೂರ್ತಿ ಅಲ್ಲಿರಬೇಕು. ಆಯಮ್ಮ ಅನುಮಾನದಿಂದ ನೋಡುತ್ತಿದ್ದರು. ಅವರಿಗೆ ಧೈರ್ಯ ಬರಲೆಂದು ಅತ್ತಿಗೆ, ತಮ್ಮ ಇಡೀ ಸರ್ವೀಸಿನಲ್ಲಿ ಮೊದಲ ಸಲ, ಅಳತೆಗಿಂತ ಒಂದು ಮಾತು ಹೆಚ್ಚಿಗೆ ಆಡಿದರು: “ನಿಮ್ಮ ಮಕ್ಕಳ ಹಾಗೇ ಇದನ್ನೂ ನೋಡ್ಕೊಳ್ಳಿ.”

“ಅಯ್ಯೋ, ಅದನ್ನ ಹೇಳಬೇಕಾ ಅಕ್ಕಾ?” ಎಂದರು ಆಯಮ್ಮ.

ಋತು ಕಳೆಯಿತು. ಡಬ್ಬಿ ಲ್ಯಾಬಿಗೆ ಬಂತು. ಫಿಲಮ್ಮನ್ನು ಔಷಧಿಯಲ್ಲಿ ಅದ್ದಿ ತೊಳೆದು, ಅತ್ತಿಗೆ ನನಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಒಣ ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಮಳೆಹನಿ ಬಿದ್ದಂತೆ ಗುರುತುಗಳು. ಒಂದೊಂದೂ ರೇಡಾನಿನಿಂದ ಹೊರಟ, ಕಣ್ಣಿಗೆ ಕಾಣದ ಒಂದು ಕಣ ಬಂದು ತಾಕಿದ ಜಾಗ. ಎಷ್ಟು ಚೆಂದವಿತ್ತೆಂದರೆ, ಇದು ಅಪಾಯದ ಲೆಕ್ಕ ಎಂಬುದೇ ಮರೆತುಹೋಯಿತು. ಲೆಕ್ಕವೂ ಚೆಂದವಾಗಿಯೇ ಇತ್ತು: ಕಡಿಮೆ, ಬಯಲಿನಷ್ಟೇ ಕಡಿಮೆ.

“ಅತ್ತಿಗೆ, ಮುಖ ಯಾಕೆ ಹಾಗೆ? ಒಳ್ಳೇದಾಯ್ತಲ್ಲ.”

“ಗವಿ ಬಯಲಿನ ಹಾಗೆ ಇರಬಾರದಲ್ಲ,” ಎಂದರು.

ಆದರೂ ಬಂದದ್ದನ್ನು ಬಂದಂತೆ ಕ್ವಾರಿಗೆ ತಿಳಿಸಿದರು. ಮುಂದಿನ ಋತುವಿಗೆ ಎರಡನೇ ಡಬ್ಬಿಯನ್ನೂ ಕಟ್ಟಿಸಿದರು. ಕೆಲವು ದಿನಗಳ ಮೇಲೆ, ಹೊರಗಿನ ಅಳತೆಗೆಂದು ನಾವು ಎಂದಿಗಿಂತ ಬೇಗ ಹೋದಾಗ, ಮ್ಯಾನೇಜರು ಗವಿಯ ಬಾಯಿಗೆ ಟೇಪು ಹಿಡಿಸುತ್ತಿದ್ದರು. ಇಸ್ತ್ರಿ ಅಂಗಿಯ, ಸದಾ ಅವಸರದ ಮನುಷ್ಯ.

“ಮೇಡಂ, ನಿಮ್ಮ ರಿಪೋರ್ಟು ಬಂದಿದ್ದೇ ಬಂದಿದ್ದು, ಯಜಮಾನರಿಗೆ ಖುಷಿಯೋ ಖುಷಿ. ಇದಕ್ಕೊಂದು ಗಾಜಿನ ಬಾಗಿಲು ಹಾಕಿಸ್ತೀವಿ. ಧೂಳು ಒಳಗೆ ಬರಲ್ಲ, ಬಂದವರಿಗೆ ತೋರಿಸೋಕೂ ನೀಟಾಗಿರುತ್ತೆ.”

ಅತ್ತಿಗೆ ಟೇಪನ್ನು ಬಿಟ್ಟು ಬೇರೆಡೆ ನೋಡುತ್ತಿದ್ದರು. ಅವರ ಕಣ್ಣು ಹೋದ ಕಡೆಗೆ ನಾನೂ ನೋಡಿದೆ. ಆಯಮ್ಮ ಎರಡು ಕಂಬದ ನಡುವೆ ಕಟ್ಟಿದ ಹಗ್ಗದ ಮೇಲೆ ಮಕ್ಕಳ ಹೊದಿಕೆಗಳನ್ನು ಬಿಸಿಲಿಗೆ ಹರವುತ್ತಿದ್ದರು. ಹೂವಿನ ಹೊದಿಕೆ, ಗೀಟಿನ ಹೊದಿಕೆ, ಒಂದು ಪುಟ್ಟ ಸ್ವೆಟರು, ಅದರ ಪಕ್ಕದಲ್ಲಿ ಬಟ್ಟೆಯ ಕ್ಲಿಪ್ಪು ಹಾಕಿಸಿಕೊಂಡು ತೂಗಾಡುತ್ತ ನಮ್ಮ ಕಪ್ಪು ಡಬ್ಬಿ.

“ಇದು ಇಲ್ಲಿಗೆ ಹೇಗೆ ಬಂತು?” ಅತ್ತಿಗೆಯ ದನಿ ಬಹಳ ಮೆಲ್ಲಗಿತ್ತು.

“ಬೆಳಗಿನ ಎಳೆಬಿಸಿಲು ಅಕ್ಕಾ. ಒಳಗೇ ಇದ್ರೆ ಬೂಷ್ಟು ಹಿಡಿಯುತ್ತೆ ಪಾಪ.”

“ದಿನಾ?”

“ದಿನಾ. ಮಧ್ಯಾಹ್ನ ಮಕ್ಕಳು ಮಲಗೋ ಹೊತ್ತಿಗೆ ಒಳಗೆ ನೇತುಹಾಕ್ತೀನಿ.”

“ಮತ್ತೆ ಸಂಜೆ?”

“ಸಂಜೆ ಮನೆಗೆ ಕರ್ಕೊಂಡು ಹೋಗ್ತೀನಿ. ಸರ್ಕಾರದ ಸಾಮಾನು, ಒಂದನ್ನೇ ಈ ಕತ್ತಲಲ್ಲಿ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ. ಕಿಟಕಿ ಹತ್ತಿರ ಇಡ್ತೀನಿ, ಒಳ್ಳೇ ಗಾಳಿ.”

“ಹೋದ ಸಲದ್ದನ್ನೂ?”

“ಮತ್ತೆ? ಅದಕ್ಕೊಂದು ಇದಕ್ಕೊಂದು ಮಾಡ್ತೀನಾ? ನೀವೇ ಹೇಳಿದ್ರಲ್ಲ ಅಕ್ಕಾ, ಮಕ್ಕಳ ಹಾಗೆ ಅಂತ.”

ಹೇಳಿದ ಮಾತನ್ನು ಅಕ್ಷರಶಃ ಪಾಲಿಸುವವರು ಇಷ್ಟು ಅಪಾಯಕಾರಿ ಎಂದು ನನಗೆ ಗೊತ್ತಿರಲಿಲ್ಲ. ಆ ಡಬ್ಬಿ ಹಗ್ಗವನ್ನು ಅಳೆದಿತ್ತು, ಬಿಸಿಲನ್ನು ಅಳೆದಿತ್ತು, ಆಯಮ್ಮನ ಕಿಟಕಿಯನ್ನು ಅಳೆದಿತ್ತು. ಗವಿಗೆ ಮಾತ್ರ ನೆಂಟರ ಹಾಗೆ ಬಂದು ಹೋಗಿತ್ತು. ನನಗೆ ನಗು ಉಕ್ಕಿ ಬಂತು. ಅತ್ತಿಗೆಯ ಮುಖ ನೋಡಿ ನುಂಗಿಕೊಂಡೆ.

ನಾನು ಅವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ: “ಅತ್ತಿಗೆ, ಈಗ ಅಳತೆ ಸುಳ್ಳು ಅಂದ್ರೆ ಆ ಮ್ಯಾನೇಜರು ಗವಿಯನ್ನೇ ಮುಚ್ಚಿಸ್ತಾನೆ. ಮಕ್ಕಳು ಮತ್ತೆ ಶೆಡ್ಡಿಗೆ. ಸುಮ್ಮನಿದ್ದುಬಿಟ್ರೆ?”

“ಸುಮ್ಮನಿದ್ರೆ ಬಾಗಿಲು ಹಾಕ್ತಾನೆ. ಈಗ ಹೊರಗೆ ಹೋಗ್ತಿರೋ ಅಷ್ಟು ರೇಡಾನೂ ಒಳಗೇ ಉಳಿಯುತ್ತೆ. ನಾನು ಆಡಿದ ಮಾತು. ನಾನೇ ಹೇಳ್ಬೇಕು,” ಎಂದರು.

ಹೇಳಿದರು. ಆಯಮ್ಮನ ಮೇಲೆ ತಪ್ಪು ಹೊರಿಸದೆ, ಅಳತೆ ತಮ್ಮಿಂದ ಕೆಟ್ಟಿತು, ಹೊಸ ಅಳತೆ ಬರುವವರೆಗೆ ಬಾಗಿಲು ಬೇಡ, ಮಕ್ಕಳು ಗವಿಯ ಬಾಯಿಯ ಹತ್ತಿರವೇ ಮಲಗಲಿ ಎಂದರು. ಮ್ಯಾನೇಜರು ನಾನು ಹೇಳಿದಂತೆಯೇ ಹಾರಾಡಿದರು. “ಆಗ ಕಡಿಮೆ ಅಂದ್ರಿ, ಈಗ ಗೊತ್ತಿಲ್ಲ ಅಂತೀರಿ! ಯಾಕೆ ಬೇಕು ತಲೆನೋವು? ಈ ಸಲ ಜಾಸ್ತಿ ಬಂದ್ರೆ ಕಲ್ಲು ಜೋಡಿಸಿ ಮುಚ್ಚಿಸಿಬಿಡ್ತೀನಿ, ಅಷ್ಟೇ.”

ಆಯಮ್ಮ ಹಗ್ಗದ ಮೇಲಿನ ಸ್ವೆಟರನ್ನು ತೆಗೆದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಅತ್ತಿಗೆ ಹಗ್ಗದ ಮೇಲಿನ ಡಬ್ಬಿಯನ್ನು ತೆಗೆದಿಟ್ಟು, ಜೀಪಿನಿಂದ ಹೊಸದನ್ನು ತಂದರು. “ಇದನ್ನ ಮಗು ಅಂದ್ಕೋಬೇಡಿ,” ಎಂದರು. “ಅತ್ತೆ ಅಂದ್ಕೊಳ್ಳಿ. ಕೂತಲ್ಲಿಂದ ಎಬ್ಬಿಸೋಕೆ ಹೋಗಬೇಡಿ.”

“ಹಾಗೆ ಬಿಡಿಸಿ ಹೇಳಿ ಮತ್ತೆ,” ಎಂದರು ಆಯಮ್ಮ.

ಆ ಋತು ಬಹಳ ಉದ್ದವಾಗಿತ್ತು. ಕಾಯುವುದನ್ನೇ ಕಸುಬು ಮಾಡಿಕೊಂಡ ಅತ್ತಿಗೆಯೂ ಬೇಕಿಲ್ಲದ ಅಳತೆಗಳ ನೆಪ ಹೂಡಿ ಕ್ವಾರಿಗೆ ಹೋಗುತ್ತಿದ್ದರು. ಗವಿಯೊಳಗೆ ನಿಂತು, ಹಿಂಬದಿಯ ಗೋಡೆಗೆ ಅಂಗೈ ಒತ್ತಿ ಸುಮ್ಮನಿರುತ್ತಿದ್ದರು. ಮಲಗಿದ ಮಗುವಿನ ಬೆನ್ನಿನ ಮೇಲೆ, ಉಸಿರಾಡುತ್ತಿದೆಯೇ ಎಂದು ಕೈ ಇಡುತ್ತಾರಲ್ಲ, ಹಾಗೆ. ನಾನು ಬಾಗಿಲ ಬಳಿ ಕೂತಿರುತ್ತಿದ್ದೆ. ಚಾಪೆಗಳು ಈಗ ಬೆಳಕಿನ ಅಂಚಿಗೆ ಬಂದಿದ್ದವು. ಒಂದು ಮಗು ನಿದ್ದೆಯಲ್ಲಿ ನನ್ನ ಹೆಬ್ಬೆರಳು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಕಾಲು ಜೋಮು ಹಿಡಿದರೂ ನಾನು ಅಲುಗಾಡುತ್ತಿರಲಿಲ್ಲ. ನನ್ನ ನಡಿಗೆಯ ಬಗ್ಗೆ ಡಾಕ್ಟರು ಕೇಳಿದಾಗ ಪ್ರಗತಿಯಲ್ಲಿದೆ ಎಂದೆ.

ಹೊಸ ಡಬ್ಬಿಯ ಫಿಲಮ್ಮಿನಲ್ಲಿ ಜಡಿಮಳೆ ಸುರಿದಿತ್ತು. ಹನಿಯ ಮೇಲೆ ಹನಿ, ನೆಲವೇ ಕಾಣದಷ್ಟು. ನಾನು ಕಣ್ಣು ತೆಗೆದು ಅತ್ತಿಗೆಯತ್ತ ನೋಡಿದೆ.

“ಇದು ಗವಿ,” ಎಂದರು.

ಮ್ಯಾನೇಜರು ಮುಚ್ಚಲು ಜನ ಕರೆಸಿಯೇ ಇದ್ದರು. ಆಯಮ್ಮ ಹೇಳಿದ ಮಾತಿನಂತೆ ಗವಿಯ ಬಾಯಿಯಲ್ಲಿ ಕೂತಿದ್ದರು. ಮಲಗಿರಲಿಲ್ಲ, ಮಡಿಲಲ್ಲಿ ಒಂದು ಕೂಸು ಇತ್ತು. ಅತ್ತಿಗೆ ಮ್ಯಾನೇಜರ ಎದುರು ನಿಂತು, ಇರುವುದನ್ನು ಇದ್ದಷ್ಟೇ ಹೇಳಿದರು: ಗಾಳಿ ಹಿಂದಿನಿಂದ ಹೊರಗೆ ಹೋಗಲು ದಾರಿಯಿಲ್ಲ, ಅದಕ್ಕೇ ನಿಂತಿದೆ. ದಾರಿಯಾದರೆ ಇಳಿಯಬಹುದು. ಇಳಿಯಿತೋ ಇಲ್ಲವೋ ಅಳೆದೇ ಹೇಳಬೇಕು. ಅಲ್ಲಿಯವರೆಗೆ ಮಕ್ಕಳು ಒಳಗೆ ಬೇಡ, ಶೆಡ್ಡಿಗೂ ಬೇಡ. ಆ ಮರದ ಕೆಳಗೆ ಒಂದು ಚಪ್ಪರ ಹಾಕಿಸಿ.

“ಬಂಡೆಗೆ ದಾರಿ ಎಲ್ಲಿಂದ ತರಲಿ ಮೇಡಂ?”

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. “ಸಾರ್, ನಾವು ಇಷ್ಟು ಜನ ಇಲ್ಲಿ ಹೂವು ಕಟ್ತಿದ್ದೀವಾ? ಹಿಂದೆ ಹಳೇ ಹೊಂಡ ಇದೆ. ಗೋಡೆ ನನ್ನ ಎರಡು ಗೇಣು ದಪ್ಪ ಇದ್ರೆ ಹೆಚ್ಚು. ಬಂಡೆಗೆ ತೂತು ಹೊಡೆಯೋದೂ ನಮಗೆ ಬೇರೆಯವರು ಹೇಳಿಕೊಡ್ಬೇಕಾ?”

ಸುತ್ತ ನಿಂತಿದ್ದ ತಂದೆತಾಯಂದಿರು ಮ್ಯಾನೇಜರನ್ನೇ ನೋಡುತ್ತಿದ್ದರು. ಅಷ್ಟು ಜನರ ಕೈಯಲ್ಲಿ ಸುತ್ತಿಗೆ ಇರುವಾಗ ಯಾರಾದರೂ ನಿಧಾನವಾಗಿ ಯೋಚಿಸುತ್ತಾರೆ. “ಆಯ್ತು, ಹೊಡೀರಿ,” ಎಂದರು.

ಹಳೆಯ ಹೊಂಡದ ಕಡೆಯಿಂದ ಕೆಳಮುಖವಾಗಿ ಓರೆಗೆ ಡ್ರಿಲ್ ಹಚ್ಚಿದರು. ಗವಿಯೊಳಗೆ ನಿಂತಿದ್ದ ನಮ್ಮ ಎದುರು ಮೊದಲು ಗೋಡೆ ಗುಂಯ್‌ಗುಟ್ಟಿತು, ಆಮೇಲೆ ಪುಡಿ ಉದುರಿತು. ಆಮೇಲೆ, ಯಾರೂ ಯೋಚಿಸಿರದ ಎತ್ತರದಲ್ಲಿ, ಕಲ್ಲಿನೊಳಗಿಂದ ಒಂದು ನಾಣ್ಯದಷ್ಟು ಆಕಾಶ ಹೊರಬಂತು. ಪಕ್ಕದಲ್ಲಿ ಇನ್ನೊಂದು. ಮತ್ತೊಂದು. ತಣ್ಣನೆಯ ಗಾಳಿಯೊಂದು ನಮ್ಮ ಕಿವಿಯ ಪಕ್ಕದಲ್ಲಿ ಸುಳಿದು ಹೋಯಿತು. ಬಂಡೆ ಹುಟ್ಟಿದಂದಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಂತಿತ್ತು. ಅತ್ತಿಗೆ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಮೀಟರು ಜೀಪಿನಲ್ಲೇ ಇತ್ತು.

ತೂತು ಹೊಡೆದ ಮೇಲೆ ಕಟ್ಟಿದ ಡಬ್ಬಿಯನ್ನು ಆಯಮ್ಮ ಅತ್ತೆಗಿಂತ ಹೆಚ್ಚು ಭಯಭಕ್ತಿಯಿಂದ ಕಂಡರು. ಅದರ ಎದುರು ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದರಂತೆ. ಅಂಕಿ ಇಳಿದಿತ್ತು. ಸೊನ್ನೆಯಲ್ಲ, ಆದರೆ ಮಕ್ಕಳು ಮಲಗಬಹುದಾದಷ್ಟು. ಅತ್ತಿಗೆ ಅದನ್ನು ಬರೆದು ಕೊಟ್ಟರು. ಚಾಪೆಗಳು ಚಪ್ಪರದಿಂದ ಮತ್ತೆ ಗವಿಗೆ ಬಂದವು.

ಅದಾದ ಮೇಲೆ ಒಂದು ಮಧ್ಯಾಹ್ನ ಹೋದೆವು. ಹೊರಗೆ ಬಿಸಿಲು ಮೊರೆಯುತ್ತಿತ್ತು. ಒಳಗೆ ತೂತುಗಳಿಂದ ಇಳಿದ ಬೆಳಕಿನ ಕೋಲುಗಳಲ್ಲಿ ಧೂಳು ಈಜಾಡುತ್ತಿತ್ತು. ಕೆಳಗೆ ದುಂಡನೆಯ ಬೆಳಕಿನ ಚುಕ್ಕಿಗಳು ಚಾಪೆಯಿಂದ ಚಾಪೆಗೆ ಕಂಡೂಕಾಣದಂತೆ ಜರುಗುತ್ತಿದ್ದವು. ಮಕ್ಕಳೆಲ್ಲ ಅಂಗಾತ ಮಲಗಿ ಕಣ್ಣು ಅಗಲಿಸಿಕೊಂಡಿದ್ದರು. ಒಬ್ಬಳು ತನ್ನ ಹೊಟ್ಟೆಯ ಮೇಲೆ ಬಂದು ಕೂತ ಚುಕ್ಕಿಯನ್ನು ಎರಡೂ ಕೈಯಿಂದ ಮುಚ್ಚಿಟ್ಟುಕೊಳ್ಳಲು ನೋಡುತ್ತಿದ್ದಳು. ಒಬ್ಬರೂ ನಿದ್ದೆ ಹೋಗುವ ಲಕ್ಷಣ ಕಾಣಲಿಲ್ಲ.

ಆಯಮ್ಮ ಸೊಂಟದ ಮೇಲೆ ಕೈಯಿಟ್ಟು ಅತ್ತಿಗೆಯ ಎದುರು ನಿಂತರು. “ನೋಡಿ ಅಕ್ಕಾ! ಗಾಳಿಯೇನೋ ಸರಿ ಮಾಡಿಸಿದ್ರಿ. ಈಗ ಇವುಗಳಿಗೆ ನಿದ್ದೇನೇ ಇಲ್ಲ. ದಿನಾ ಇದೇ ಕತೆ, ಆ ಬೆಳಕು ಗೋಡೆ ಹತ್ತೋವರೆಗೂ ಕಣ್ಣು ಮುಚ್ಚಲ್ಲ. ಇದಕ್ಕೇನು ಮಾಡೋದು, ಹೇಳಿ?”

ಅತ್ತಿಗೆ ಮೀಟರನ್ನು ಕೆಳಗಿಟ್ಟು, ಚುಕ್ಕಿಯೊಂದು ಆ ಹುಡುಗಿಯ ಬೆರಳ ಸಂದಿಯಿಂದ ನುಸುಳಿ ಪಕ್ಕದ ಚಾಪೆಗೆ ದಾಟುವುದನ್ನು ಪೂರ್ತಿ ನೋಡಿದರು.

“ಅದು ನಮ್ಮ ಇಲಾಖೆಗೆ ಬರಲ್ಲ,” ಎಂದರು.